ಒಂದು ವಾರಕ್ಕೆ ಬರೆದ ಕಣ್ಣಿನ ಡ್ರಾಪ್ಸ್, ಎರಡೂವರೆ ವರ್ಷ ಹಾಕಿದೆವು

ಮೊನ್ನೆ ಮನೆ ಹತ್ತಿರದ ಮೆಡಿಕಲ್ ಶಾಪಿನಲ್ಲಿ ನಿಂತಿದ್ದೆ. ಪಕ್ಕದಲ್ಲಿ ವಯಸ್ಸಾದ ಒಬ್ಬ ಅಮ್ಮ. ಸೆರಗಿನ ತುದಿಯ ಗಂಟು ಬಿಚ್ಚಿ, ಖಾಲಿ ಸೀಸೆಯೊಂದನ್ನು ತೆಗೆದು ಕೌಂಟರ್ ಮೇಲಿಟ್ಟರು. "ಇದೇ ಕೊಡಪ್ಪ, ಕಣ್ಣಿಗೆ ಬಿಡೋದು." ಹುಡುಗ ಸೀಸೆಯ ಹೆಸರು ನೋಡಿದ, ಒಳಗಿನಿಂದ ಅಂಥದ್ದೇ ಒಂದು ತಂದುಕೊಟ್ಟ. ಚೀಟಿ ಕೇಳಲಿಲ್ಲ. ಎಷ್ಟು ದಿನದಿಂದ ಹಾಕ್ತಿದ್ದೀರಿ ಅಂತಲೂ ಕೇಳಲಿಲ್ಲ.

ಆ ಡ್ರಾಪ್ಸ್ ನನಗೆ ಚೆನ್ನಾಗಿ ಗೊತ್ತು. ಕಂಪನಿ ಬೇರೆ, ಒಳಗಿನ ಔಷಧಿ ಅದೇ. ಎರಡೂವರೆ ವರ್ಷ ನಾನೇ ಕೈಯಾರೆ ಕೊಂಡು, ಊರಿಗೆ ಹೋದಾಗಲೆಲ್ಲ ಬ್ಯಾಗಿನಲ್ಲಿ ಹಾಕಿಕೊಂಡು ಹೋಗಿ ಅಣ್ಣನಿಗೆ ಕೊಟ್ಟಿದ್ದೆ. ನಮ್ಮ ಕಡೆ ಅಪ್ಪನನ್ನು ಅಣ್ಣ ಅಂತಲೇ ಕರೆಯುವುದು. ಆ ಅಮ್ಮನಿಗೆ "ಇದನ್ನ ಡಾಕ್ಟರಿಗೆ ತೋರಿಸದೆ ಹಾಕ್ಬೇಡಿ" ಅಂದೆ. "ನಂಗೆ ಇದು ಆಗ್ಬರ್ತದೆ ಕಣಪ್ಪ" ಅಂತ ನಕ್ಕು ಹೊರಟುಹೋದರು. ಅಂಗಡಿ ಹುಡುಗ ನನ್ನನ್ನು ದುರುಗುಟ್ಟಿ ನೋಡಿದ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಅಣ್ಣ ತಿಪಟೂರಿನ ಕೊಬ್ಬರಿ ಮಂಡಿಯೊಂದರಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವರು. ರಿಟೈರ್ ಅಂತ ಏನೂ ಇಲ್ಲ, ಅರವತ್ತೇಳರಲ್ಲೂ ಹೋಗಿ ಕೂರುತ್ತಿದ್ದರು. ಕೊಬ್ಬರಿ ಚೀಲ ಸುರಿಯುವಾಗ ಏಳುವ ಧೂಳು, ನಾರು ಕಣ್ಣಿಗೆ ಬೀಳದೆ ಇರುತ್ತದೆಯೇ? ಕಣ್ಣು ಸದಾ ಕೆಂಪು, ನವೆ. ಅಜ್ಜಿ ಇದ್ದಾಗ ರಾತ್ರಿ ನಂದಿಬಟ್ಟಲು ಹೂವು ತಂದು ಮುಚ್ಚಿದ ರೆಪ್ಪೆ ಮೇಲೆ ಇಡುತ್ತಿದ್ದರು. ತಂಪು ಅನ್ನಿಸುತ್ತಿತ್ತು, ಬೆಳಿಗ್ಗೆ ಮತ್ತೆ ಅದೇ ನವೆ.

ಒಂದು ಸಲ ಜಾಸ್ತಿಯಾಗಿ ಕಣ್ಣು ತೆರೆಯಲಾಗದ ಹಾಗಾಯ್ತು. ಡಾಕ್ಟರಿಗೆ ತೋರಿಸಿದೆವು. ಅಲರ್ಜಿ ಅಂದರು, ಡ್ರಾಪ್ಸ್ ಬರೆದರು. ದಿನಕ್ಕೆ ನಾಲ್ಕು ಸಲ, ಏಳು ದಿನ, ಆಮೇಲೆ ನಿಲ್ಲಿಸಿ ಬಂದು ತೋರಿಸಿ. ಚೀಟಿಯಲ್ಲಿ ಎಲ್ಲ ಸರಿಯಾಗಿಯೇ ಇತ್ತು. ಆ ಡಾಕ್ಟರದು ಏನೂ ತಪ್ಪಿಲ್ಲ.

ಎರಡೇ ದಿನಕ್ಕೆ ಕಣ್ಣು ಹಾಲಿನ ಹಾಗೆ ಬೆಳ್ಳಗಾಯಿತು. ವಾಸಿಯಾದ ಮೇಲೆ ಯಾರು ಮತ್ತೆ ಹೋಗಿ ತೋರಿಸುತ್ತಾರೆ? ತಿಂಗಳಾದ ಮೇಲೆ ನವೆ ಮತ್ತೆ ಶುರುವಾಯಿತು. ಅಣ್ಣ ಖಾಲಿ ಸೀಸೆ ಎತ್ತಿಟ್ಟಿದ್ದರು. ನಾನು ಬೆಂಗಳೂರಿನಲ್ಲಿ ಅದನ್ನೇ ತೋರಿಸಿ ಇನ್ನೊಂದು ತಂದೆ. ಒಂದು ಕಾಫಿ ತಿಂಡಿಯ ದುಡ್ಡು. ಹೀಗೆ ಶುರುವಾದದ್ದು ನಿಲ್ಲಲೇ ಇಲ್ಲ. ಬೆಳಿಗ್ಗೆ ಮಂಡಿಗೆ ಹೊರಡುವ ಮೊದಲು ಜಗಲಿ ಮೇಲೆ ಕೂತು, ತಲೆ ಹಿಂದಕ್ಕೆ ವಾಲಿಸಿ, ಎರಡು ಕಣ್ಣಿಗೂ ಒಂದೊಂದು ಹನಿ. ಸಂಜೆ ಬಂದು ಮುಖ ತೊಳೆದು ಇನ್ನೊಂದೊಂದು. ಸಂಧ್ಯಾವಂದನೆ ತಪ್ಪಿದರೂ ಇದು ತಪ್ಪುತ್ತಿರಲಿಲ್ಲ. ಸಾಲದ್ದಕ್ಕೆ ಮಂಡಿಯಲ್ಲಿ ಕಣ್ಣು ಕೆಂಪಾದವರಿಗೆಲ್ಲ ಇದರ ಹೆಸರು ಬರೆದುಕೊಟ್ಟಿದ್ದರು.

ಆ ಸೀಸೆಯಲ್ಲಿ ಇದ್ದದ್ದು ಎರಡು ಔಷಧಿ. ಒಂದು ಆಂಟಿಬಯಾಟಿಕ್. ಇನ್ನೊಂದು ಡೆಕ್ಸಾಮೆಥಾಸೋನ್, ಅಂದರೆ ಸ್ಟೀರಾಯ್ಡ್. ಕಣ್ಣು ಬೆಳ್ಳಗಾದದ್ದು ಈ ಎರಡನೆಯದರಿಂದ. ಊತ, ಕೆಂಪು, ನವೆ ಎಲ್ಲವನ್ನೂ ಅದು ತಟ್ಟನೆ ಅಡಗಿಸುತ್ತದೆ. ಅದಕ್ಕೇ ರಾಮಬಾಣ ಅನ್ನಿಸುವುದು. ಒಳಗೆ ಅದು ಇನ್ನೊಂದು ಕೆಲಸ ಮಾಡುತ್ತಿದ್ದದ್ದು ನಮಗೆ ಗೊತ್ತೇ ಇರಲಿಲ್ಲ.

ಮೊದಲು ಬಂದದ್ದು ಕರೆಂಟಿನ ಮೇಲೆ ದೂರು. "ವೋಲ್ಟೇಜ್ ಕಮ್ಮಿ ಐತೆ ಕಣೋ, ಬಲ್ಬ್ ಬದಲಾಯಿಸು." ಬದಲಾಯಿಸಿದೆ. ಆಮೇಲೆ ಊಟಕ್ಕೆ ಕೂತಾಗ ಎಡಗಡೆ ಇಟ್ಟ ನೀರಿನ ಲೋಟ ಪದೇ ಪದೇ ಕೈ ತಗುಲಿ ಉರುಳತೊಡಗಿತು. ಅಮ್ಮ ಬೈದುಕೊಂಡು ಒರೆಸುತ್ತಿದ್ದಳು. ದೇವಸ್ಥಾನದ ಮೆಟ್ಟಿಲಿಳಿಯುವಾಗ ಎರಡು ಸಲ ಮುಗ್ಗರಿಸಿದರು. ಕೊನೆಗೆ ಬಿ.ಎಚ್. ರಸ್ತೆಯಲ್ಲಿ ಟಿವಿಎಸ್ ಗಾಡಿಯಲ್ಲಿ ಹೋಗುವಾಗ ಎಡಗಡೆಯಿಂದ ಬಂದ ಆಟೋಗೆ ಗುದ್ದಿ ಮೊಣಕೈ ತರಚಿಕೊಂಡರು. "ಆಟೋ ಕಾಣ್ಲೇ ಇಲ್ಲ" ಅಂದರು. ವಯಸ್ಸಾಯ್ತು, ಇನ್ನು ಗಾಡಿ ಬಿಡಿ ಅಂತ ನಾನು ರೇಗಿದೆ. ಅವರು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಕಾಣಿಸಿರಲಿಲ್ಲ.

ಇಷ್ಟಾದರೂ ಕಣ್ಣಿನ ಮೇಲೆ ಅನುಮಾನ ಬರಲಿಲ್ಲ. ಯಾಕೆ ಗೊತ್ತಾ? ಅಣ್ಣ ಬೆಳಿಗ್ಗೆ ಚಾಳೀಸು ಏರಿಸಿಕೊಂಡು ಪೇಪರಿನ ಸಣ್ಣಕ್ಷರದ ಕೊಬ್ಬರಿ ರೇಟನ್ನೂ ಓದುತ್ತಿದ್ದರು. ಪೇಪರ್ ಓದುವವರ ಕಣ್ಣಿಗೇನು ಧಾಡಿ ಅಂದುಕೊಂಡೆವು. ಅಣ್ಣನಿಗೆ ಬಂದಿದ್ದದ್ದು ಗ್ಲಾಕೋಮಾ, ಕಣ್ಣೊಳಗಿನ ಪ್ರೆಷರ್ ಏರಿ ನರ ಹಾಳಾಗುವ ಕಾಯಿಲೆ. ಅದರ ಮೋಸ ಇರುವುದೇ ಅಲ್ಲಿ. ನೋಟದ ನಡುಭಾಗವನ್ನು ಕೊನೆಯವರೆಗೂ ಬಿಟ್ಟು, ಅಂಚಿನಿಂದ ತಿನ್ನುತ್ತಾ ಬರುತ್ತದೆ. ಹೀಗೆ ನಿಧಾನಕ್ಕೆ ಬರುವ ಜಾತಿಯಲ್ಲಿ ನೋವೂ ಇರುವುದಿಲ್ಲ. ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ಕಣ್ಣು ತುಂಬಿಕೊಡುತ್ತದೆ, ಹಾಗಾಗಿ ಅನುಭವಿಸುವವರಿಗೇ ಗೊತ್ತಾಗುವುದಿಲ್ಲ.

ಊರಿನಲ್ಲಿ ಒಂದು ಫ್ರೀ ಕ್ಯಾಂಪ್ ಆದಾಗ ತೋರಿಸಿದ್ದೆವು. ಅಕ್ಷರ ಓದಿಸಿದರು, ಟಾರ್ಚ್ ಬಿಟ್ಟು ನೋಡಿದರು, "ಪೊರೆ ಶುರುವಾಗಿದೆ" ಅಂದರು. ಮನೆಯಲ್ಲಿ ಎಲ್ಲರಿಗೂ ನಿರಾಳ! ಪೊರೆ ತಾನೆ, ಬಲಿಯಲಿ, ಆಮೇಲೆ ತೆಗೆಸಿದರಾಯಿತು.

ಈ "ಬಲಿಯಲಿ" ಅನ್ನುವ ಮಾತು ನಮ್ಮ ಕಡೆಯ ಮನೆಗಳಲ್ಲಿ ಎಲ್ಲಿಂದ ಉಳಿದುಕೊಂಡಿದೆ ಅಂತ ನನಗನ್ನಿಸುವುದು ಹೀಗೆ. ಡಾ. ಎಂ. ಸಿ. ಮೋದಿಯವರು ಊರೂರು ಸುತ್ತಿ ಕ್ಯಾಂಪ್ ಹಾಕಿ ಸಾವಿರಾರು ಜನಕ್ಕೆ ಪೊರೆ ತೆಗೆದು ಬೆಳಕು ಕೊಟ್ಟ ಕಾಲವನ್ನು ನಮ್ಮ ಹಿರಿಯರು ಕಣ್ಣಾರೆ ಕಂಡವರು. ಆಗಿನ ಆಪರೇಷನ್ನಿನಲ್ಲಿ ಕಣ್ಣಿನ ಮಸೂರವನ್ನೇ ಇಡಿಯಾಗಿ ತೆಗೆದು ದಪ್ಪ ಗಾಜಿನ ಕನ್ನಡಕ ಕೊಡುತ್ತಿದ್ದರು. ಅದಕ್ಕೇ ಪೊರೆ ಪೂರ್ತಿ ಬಲಿಯುವವರೆಗೆ ಕಾಯುವುದು ವಾಡಿಕೆ. ಈಗ ಸಣ್ಣ ಗಾಯ ಮಾಡಿ, ಪೊರೆ ಪುಡಿ ಮಾಡಿ ತೆಗೆದು, ಒಳಗೇ ಲೆನ್ಸ್ ಕೂರಿಸುತ್ತಾರೆ. ಕಾಯಬೇಕಾದ್ದೇ ಇಲ್ಲ. ಕಾದು ಗಟ್ಟಿಯಾದರೆ ಆಪರೇಷನ್ ಕಷ್ಟ. ಆದರೆ ಆ ಕಾಲದ ಒಳ್ಳೆಯ ನೆನಪಿನಿಂದಾಗಿ ವಯಸ್ಸಾದವರ ಕಣ್ಣು ಮಂಜಾಯಿತು ಅಂದರೆ ಪೊರೆ ಬಿಟ್ಟು ಬೇರೇನೂ ನಮಗೆ ಹೊಳೆಯುವುದಿಲ್ಲ. ಅಂದಹಾಗೆ ಕ್ಯಾಂಪಿನವರು ಸುಳ್ಳು ಹೇಳಿರಲಿಲ್ಲ. ಪೊರೆ ಇತ್ತು. ಸ್ಟೀರಾಯ್ಡ್ ಬಹಳ ದಿನ ಹಾಕಿದರೆ ಅದರಿಂದಲೇ ಪೊರೆಯೂ ಬರುತ್ತದೆ. ಆದರೆ ಕಣ್ಣಿನ ಪ್ರೆಷರ್ ಅವತ್ತು ಯಾರೂ ನೋಡಲಿಲ್ಲ.

ಒಂದೇ ವರ್ಷದಲ್ಲಿ ಕನ್ನಡಕ ಎರಡು ಸಲ ಬದಲಾಯಿತು. ಮೂರನೇ ಸಲ ಬೆಂಗಳೂರಿಗೆ ಕರೆದುಕೊಂಡು ಬಂದು ಕನ್ನಡಕದ ಅಂಗಡಿಗೆ ಹೋದೆ. ಅಲ್ಲಿ ಕಣ್ಣು ಪರೀಕ್ಷೆ ಮಾಡುವ ಚಿಕ್ಕ ವಯಸ್ಸಿನ ಹುಡುಗಿ. ಲೆನ್ಸ್ ಮೇಲೆ ಲೆನ್ಸ್ ಹಾಕಿ ನೋಡಿ ಸುಮ್ಮನಾದಳು. ಆಮೇಲೆ ಕೇಳಿದಳು: "ತಾತ, ಕಣ್ಣಿಗೆ ಏನಾದ್ರೂ ಡ್ರಾಪ್ಸ್ ಹಾಕ್ತೀರಾ?" ಎರಡೂವರೆ ವರ್ಷದಲ್ಲಿ ಈ ಪ್ರಶ್ನೆ ಕೇಳಿದ ಮೊದಲ ಮನುಷ್ಯಳು ಅವಳು. ಅಣ್ಣ ಹೆಮ್ಮೆಯಿಂದ ಜೇಬಿನಿಂದ ಸೀಸೆ ತೆಗೆದು ತೋರಿಸಿದರು. ಅವಳು ಓದಿ, ಕನ್ನಡಕ ಮಾರಲಿಲ್ಲ. "ಇವತ್ತೇ ಕಣ್ಣಿನ ಆಸ್ಪತ್ರೆಗೆ ಹೋಗಿ, ಪ್ರೆಷರ್ ನೋಡಿಸಿ" ಅಂದಳು.

ಎಡಗಣ್ಣಿನ ಪ್ರೆಷರ್ 38, ಬಲಗಣ್ಣಿನದು 31. ಸಾಮಾನ್ಯವಾಗಿ ಇರಬೇಕಾದ್ದು 10ರಿಂದ 21ರೊಳಗೆ. ಇದು ಬಿಪಿ ಅಲ್ಲ, ಬೇರೆ. ಅಣ್ಣನ ಬಿಪಿ ಎಂದೂ ಜಾಸ್ತಿ ಇದ್ದದ್ದೇ ಇಲ್ಲ. ಡಾಕ್ಟರಮ್ಮ ಬಿಡಿಸಿ ಹೇಳಿದರು: "ಯಜಮಾನ್ರೆ, ಕಣ್ಣೊಳಗೆ ನೀರು ಹುಟ್ಟುತ್ತಾ ಇರುತ್ತೆ, ಹರಿದು ಹೋಗ್ತಾ ಇರುತ್ತೆ. ನಲ್ಲಿ ಬಿಟ್ಟೇ ಇದೆ, ಬಚ್ಚಲ ತೂಬು ಕಟ್ಟಿಕೊಂಡ್ರೆ ಏನಾಗುತ್ತೆ? ಈ ಡ್ರಾಪ್ಸ್ ತೂಬು ಕಟ್ಟಿಸಿದೆ." ಹಾಗೆ ನಿಂತ ನೀರಿನ ಒತ್ತಡಕ್ಕೆ ಕಣ್ಣಿನಿಂದ ಮೆದುಳಿಗೆ ಹೋಗುವ ನರ ಒಣಗುತ್ತದೆ. ಸುಮಾರು ಹತ್ತು ಹನ್ನೆರಡು ಲಕ್ಷ ಎಳೆ ಇರುವ ನರ ಅದು. ಹೋದ ಎಳೆ ಮತ್ತೆ ಹುಟ್ಟುವುದಿಲ್ಲ.

ಆಮೇಲೆ ಫೀಲ್ಡ್ ಟೆಸ್ಟ್, ಅಂದರೆ ಸುತ್ತಲಿನ ನೋಟ ಎಷ್ಟು ಉಳಿದಿದೆ ಅಂತ ನೋಡುವುದು. ಒಂದು ಬಟ್ಟಲಿನಂಥ ಯಂತ್ರದೊಳಗೆ ಮುಖ ಇಟ್ಟು, ಬೆಳಕಿನ ಚುಕ್ಕಿ ಕಂಡಾಗಲೆಲ್ಲ ಗುಂಡಿ ಒತ್ತಬೇಕು. ಬಲಗಣ್ಣಿಗೆ ಮಾಡುವಾಗ ಟಿಕ್ ಟಿಕ್ ಅಂತ ಕೇಳುತ್ತಿತ್ತು. ಎಡಗಣ್ಣಿನ ಸರದಿ ಬಂದಾಗ ರೂಮು ನಿಶ್ಶಬ್ದ. ಮಿಷಿನ್ ಕೆಟ್ಟಿದೆಯೇನೋ ಅಂದುಕೊಂಡೆ. ಪ್ರಿಂಟ್ ಬಂತು. ಎಡಗಣ್ಣಿನ ವೃತ್ತ ಹೆಚ್ಚುಕಡಿಮೆ ಪೂರ್ತಿ ಕಪ್ಪು, ನಡುವೆ ಉದ್ದಿನಕಾಳಿನಷ್ಟು ಬಿಳಿ. ಬಲಗಣ್ಣಿನದು ಕೆಳಗಡೆ ಕಪ್ಪು. ಮೆಟ್ಟಿಲು ಕಾಣದ್ದು ಇದಕ್ಕೆ, ಲೋಟ ಉರುಳಿದ್ದು ಅದಕ್ಕೆ. ಡಾಕ್ಟರಮ್ಮ ಅಣ್ಣನ ಬಲಗಣ್ಣು ಅಂಗೈಯಿಂದ ಮುಚ್ಚಿ, "ನಿಮ್ಮ ಮಗ ಕಾಣ್ತಾರಾ?" ಅಂದರು. ನಾನು ಎರಡಡಿ ದೂರದಲ್ಲಿ ಎಡಕ್ಕೆ ನಿಂತಿದ್ದೆ. ಅಣ್ಣ ಕತ್ತು ಅತ್ತ ಇತ್ತ ತಿರುಗಿಸಿ ಹುಡುಕಿದರು.

ಡ್ರಾಪ್ಸ್ ನಿಲ್ಲಿಸಿದರು. ಕೆಲವರಿಗೆ ನಿಲ್ಲಿಸಿದ ಕೆಲವು ವಾರಕ್ಕೆ ಪ್ರೆಷರ್ ತಾನೇ ಇಳಿಯುತ್ತದಂತೆ. ಬಹಳ ಕಾಲ ಹಾಕಿದವರಿಗೆ ಇಳಿಯದೇ ಉಳಿಯುವುದೂ ಉಂಟು. ನಮಗೆ ಎರಡನೆಯದು. ಪ್ರೆಷರ್ ಇಳಿಸುವ ಟಿಮೋಲಾಲ್ ಡ್ರಾಪ್ಸ್ ಬರೆಯುವ ಮೊದಲು ದಮ್ಮು ಇದೆಯಾ, ನಾಡಿ ನಿಧಾನವಾ ಅಂತ ಕೇಳಿದರು, ಇದ್ದರೆ ಆ ಡ್ರಾಪ್ಸ್ ಹಾಕುವ ಹಾಗಿಲ್ಲ. ಬಲಗಣ್ಣು ಡ್ರಾಪ್ಸಿನಲ್ಲೇ ಹತೋಟಿಗೆ ಬಂತು, ಈಗ 14ರ ಆಸುಪಾಸು. ಎಡಗಣ್ಣಿಗೆ ಪ್ರೆಷರ್ ಇಳಿಸುವ ಆಪರೇಷನ್ ಆಯಿತು. ನೆಂಟರೆಲ್ಲ "ಈಗ ಕಾಣುತ್ತಾ?" ಅಂತ ಫೋನ್ ಮಾಡಿದರು. ಇದು ಕಾಣಿಸಲು ಮಾಡುವ ಆಪರೇಷನ್ ಅಲ್ಲ, ಉಳಿದದ್ದು ಹೋಗದಿರಲಿ ಅಂತ ಮಾಡುವುದು. ಒಬ್ಬ ಚಿಕ್ಕಪ್ಪ "ರಾಜಕುಮಾರ್, ಪುನೀತ್ ಎಲ್ಲ ಕಣ್ಣು ದಾನ ಮಾಡಿಲ್ವಾ, ಅಂಥ ಕಣ್ಣು ಹಾಕ್ಸೋಣ" ಅಂದರು, ಪಾಪ, ಪ್ರೀತಿಯಿಂದಲೇ. ದಾನ ಕೊಟ್ಟ ಕಣ್ಣಿನಿಂದ ಇನ್ನೊಬ್ಬರಿಗೆ ಹಾಕಲು ಬರುವುದು ಮುಂದಿನ ಪಾರದರ್ಶಕ ಪದರ, ಕಾರ್ನಿಯಾ. ಹಿಂದಿನ ನರವನ್ನು ಯಾರಿಂದಲೂ ತಂದು ಜೋಡಿಸಲು ಬರುವುದಿಲ್ಲ.

ಈಗ ನಿಮ್ಮ ಮನೆಯ ಫ್ರಿಜ್ಜಿನ ಬಾಗಿಲು, ದೇವರ ಗೂಡು, ಟಿವಿ ಮೇಲಿನ ಸ್ಟ್ಯಾಂಡ್ ಒಮ್ಮೆ ನೋಡಿ. ಹಿರಿಯರ ಡ್ರಾಪ್ಸ್ ಅಲ್ಲೇ ಎಲ್ಲೋ ಇರುತ್ತದೆ. ಸೀಸೆಯ ಲೇಬಲ್ ಫೋಟೋ ತೆಗೆದು ದೊಡ್ಡದು ಮಾಡಿ ಓದಿ. ಅವರಿಗೆ ಆ ಅಕ್ಷರ ಕಾಣುವುದಿಲ್ಲ, ಇರುವುದೂ ಇಂಗ್ಲಿಷ್. ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೋಲೋನ್, ಡೈಫ್ಲುಪ್ರೆಡ್ನೇಟ್, ಇವೆಲ್ಲ ಸ್ಟೀರಾಯ್ಡ್. ಲೋಟೆಪ್ರೆಡ್ನಾಲ್, ಫ್ಲೂರೋಮೆಥೋಲೋನ್ ಸ್ವಲ್ಪ ಸೌಮ್ಯ, ಆದರೂ ಅದೇ ಜಾತಿ. ಆಂಟಿಬಯಾಟಿಕ್ ಹೆಸರು ಮೊದಲಿಗೆ ಇದ್ದರೆ ಅಲ್ಲಿಗೇ ನಿಲ್ಲಿಸಬೇಡಿ, ಮುಂದೆ ಓದಿ. ಎಷ್ಟೋ ಬ್ರಾಂಡಿನಲ್ಲಿ ಬರೀ ಆಂಟಿಬಯಾಟಿಕ್‌ದು ಒಂದು, ಸ್ಟೀರಾಯ್ಡ್ ಸೇರಿದ್ದು ಇನ್ನೊಂದು, ಹೆಸರಿನ ಕೊನೆಗೆ ಒಂದು "ಡಿ" ಮಾತ್ರ ವ್ಯತ್ಯಾಸ. ಡಬ್ಬಿ ಮೇಲೆ ಉದ್ದಕ್ಕೆ ಕೆಂಪು ಗೆರೆ ಇದ್ದರೆ ಅದು ಚೀಟಿ ಇಲ್ಲದೆ ಮಾರಬಾರದ ಔಷಧಿ. ಮಾರುತ್ತಾರೆ, ಅದು ಬೇರೆ ಮಾತು.

ಒಂದು ವಿಷಯ ಮಾತ್ರ ದಯವಿಟ್ಟು ತಪ್ಪು ತಿಳಿಯಬೇಡಿ. ಸ್ಟೀರಾಯ್ಡ್ ಡ್ರಾಪ್ಸ್ ವಿಷ ಅಲ್ಲ. ಪೊರೆ ಆಪರೇಷನ್ ಆದವರಿಗೆ ನಾಲ್ಕಾರು ವಾರ ಅದನ್ನೇ ಕೊಡುತ್ತಾರೆ, ಕೊಡಲೇಬೇಕು. ಇದನ್ನು ಓದಿ ಹೆದರಿ ಅಂಥವರು ಮಧ್ಯದಲ್ಲಿ ನಿಲ್ಲಿಸಿದರೆ ಅದೇ ಇನ್ನೊಂದು ಅನಾಹುತ. ಡಾಕ್ಟರ್ ಹೇಳಿದಷ್ಟು ದಿನ ಹಾಕಿ, ಹೇಳಿದ ದಿನ ಹೋಗಿ ತೋರಿಸಿ. ಎಲ್ಲರಿಗೂ ಪ್ರೆಷರ್ ಏರುವುದೂ ಇಲ್ಲ. ಸುಮಾರು ಮೂವರಲ್ಲಿ ಒಬ್ಬರಿಗೆ ಒಂದಿಷ್ಟು ಏರುತ್ತದೆ, ನೂರಕ್ಕೆ ಐದಾರು ಜನಕ್ಕೆ ವಿಪರೀತ. ಸಾಮಾನ್ಯವಾಗಿ ಕೆಲವೇ ವಾರದಲ್ಲಿ ಏರಲು ಶುರು. ಮನೆಯಲ್ಲಿ ಯಾರಿಗಾದರೂ ಗ್ಲಾಕೋಮಾ ಇದ್ದರೆ, ಡ್ರಾಪ್ಸ್ ಹಾಕುವವರಿಗೆ ಸಕ್ಕರೆ ಕಾಯಿಲೆ ಇದ್ದರೆ ಅಪಾಯ ಜಾಸ್ತಿ. ನಿಮ್ಮಪ್ಪ ಆ ಐದಾರು ಜನರಲ್ಲಿ ಒಬ್ಬರೋ ಅಲ್ಲವೋ ಅಂತ ಮುಖ ನೋಡಿ ಹೇಳಲು ಆಗುವುದಿಲ್ಲ, ಪ್ರೆಷರ್ ನೋಡಿಯೇ ಹೇಳಬೇಕು. ಒಂದೆರಡು ನಿಮಿಷದ ಪರೀಕ್ಷೆ ಅದು. ನಲವತ್ತು ದಾಟಿದವರು ಕನ್ನಡಕದ ನಂಬರ್ ನೋಡಿಸುವಾಗ "ಪ್ರೆಷರ್, ಹಿಂದಿನ ನರ ಎರಡೂ ನೋಡಿ" ಅಂತ ಬಾಯಿಬಿಟ್ಟು ಕೇಳಿ. ಕೇಳದಿದ್ದರೆ ಎಷ್ಟೋ ಕಡೆ ನೋಡುವುದಿಲ್ಲ. ನಾನೂ ನೋಡಿಸಿಕೊಂಡೆ. 22 ಬಂದಿದೆ, ಆರು ತಿಂಗಳಿಗೊಮ್ಮೆ ಬರಬೇಕು ಅಂದಿದ್ದಾರೆ.

ಮಂಡಿಯಲ್ಲಿ ಅಣ್ಣ ಹೆಸರು ಬರೆದುಕೊಟ್ಟವರು ನಾಲ್ಕು ಜನ. ಆಸ್ಪತ್ರೆಯಿಂದ ಬಂದ ರಾತ್ರಿ ಅಣ್ಣನೇ ಒಬ್ಬೊಬ್ಬರಿಗೂ ಫೋನ್ ಹಚ್ಚಿಸಿದರು. ಇಬ್ಬರು ಎಂದೋ ಬಿಟ್ಟಿದ್ದರು. ಒಬ್ಬರು ಇನ್ನೂ ಹಾಕುತ್ತಿದ್ದರು, ನೋಡಿಸಿದಾಗ 27 ಇತ್ತು, ನರ ಚೆನ್ನಾಗಿದೆಯಂತೆ, ಉಳಿದುಕೊಂಡರು. ನಾಲ್ಕನೆಯವರು ಅರಸೀಕೆರೆ ಕಡೆಯ ವ್ಯಾಪಾರಿ, ವರ್ಷಕ್ಕೊಮ್ಮೆ ಬರುವವರು. ನಂಬರ್ ಬದಲಾಗಿದೆ. ಅಣ್ಣ ಈಗಲೂ ಮಂಡಿಗೆ ಬಂದ ಅರಸೀಕೆರೆಯವರನ್ನೆಲ್ಲ ವಿಚಾರಿಸುತ್ತಲೇ ಇದ್ದಾರೆ.