ಟ್ಯೂಬಿಂಗನ್‌ನಲ್ಲಿ ಒಂದು ಸೆಮಿಸ್ಟರ್: ಊರಿನ ಐಡಿ, ಅಲ್ಲಿಯ ಕಾರ್ಡು, ಕಿಸೆಯ ಸಿಮ್ಮು

ಕಿಟೆಲರು 1903ರಲ್ಲಿ ತೀರಿಕೊಂಡದ್ದು ಜರ್ಮನಿಯ ಟ್ಯೂಬಿಂಗನ್‌ನಲ್ಲಿ. ಅವರ ನಿಘಂಟಿಗಾಗಿ ಗೌರವ ಡಾಕ್ಟರೇಟ್ ಕೊಟ್ಟದ್ದೂ ಆ ಊರಿನ ವಿಶ್ವವಿದ್ಯಾಲಯವೇ. ಬಾಸೆಲ್ ಮಿಶನ್ನಿನ ಹಳೆಯ ಕನ್ನಡ ಮುದ್ರಣಗಳ ಬೆನ್ನು ಹತ್ತಿದವರಿಗೆ ಈ ಊರಿನ ಹೆಸರು ಮತ್ತೆ ಮತ್ತೆ ಎದುರಾಗುತ್ತದೆ. ನಾನೂ ಅದೇ ಕೆಲಸಕ್ಕೆ ಚಳಿಗಾಲದ ಒಂದು ಸೆಮಿಸ್ಟರ್ ಅಲ್ಲಿ ಸಂದರ್ಶಕ ವಿದ್ಯಾರ್ಥಿನಿಯಾಗಿದ್ದೆ. ಇಂಟರ್‌ನೆಟ್ಟಿಗೂ ಪುಸ್ತಕಕ್ಕೂ ಇದ್ದ ದಾರಿಗಳನ್ನೆಲ್ಲ ಬಳಸಿ ನೋಡಿದ್ದೇನೆ. ಯಾವುದು ಎಲ್ಲಿಯವರೆಗೆ ಕೈಹಿಡಿಯುತ್ತದೆ ಅನ್ನುವುದು ಹೋಗುವ ಮೊದಲೇ ಗೊತ್ತಿದ್ದಿದ್ದರೆ ನನ್ನ ಮೊದಲ ತಿಂಗಳು ಉಳಿಯುತ್ತಿತ್ತು. ಹಾಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಎಡುರೋಮ್. 2000ದ ದಶಕದ ಆರಂಭದಲ್ಲಿ ಯುರೋಪಿನಲ್ಲಿ ಶುರುವಾಗಿ ಈಗ ನೂರಕ್ಕೂ ಹೆಚ್ಚು ದೇಶಗಳಲ್ಲಿರುವ ವ್ಯವಸ್ಥೆ ಇದು. ಭಾರತದಲ್ಲಿ ನಡೆಸುವುದು ಶಿಕ್ಷಣ, ಸಂಶೋಧನೆಯ ನೆಟ್‌ವರ್ಕ್ ಸಂಸ್ಥೆ ಅರ್ನೆಟ್. ನಮ್ಮ ಊರಿನ ವಿಶ್ವವಿದ್ಯಾಲಯ ಕೊಟ್ಟ ಐಡಿ, ಪಾಸ್‌ವರ್ಡ್ ಹಾಕಿದರೆ ಬೇರೆ ದೇಶದ ಕ್ಯಾಂಪಸ್ಸಿನಲ್ಲೂ ವೈಫೈ ಸಿಗುತ್ತದೆ. ಐಡಿಯಲ್ಲಿ ಆಟ್ (@) ಚಿಹ್ನೆಯ ನಂತರ ಬರುವ ಭಾಗ ನೋಡಿ, ಅಲ್ಲಿಯ ಸರ್ವರ್ ನಮ್ಮ ವಿಶ್ವವಿದ್ಯಾಲಯದ ಸರ್ವರಿಗೆ ‘ಇವರು ನಿಮ್ಮವರೇನು?’ ಎಂದು ಕೇಳುತ್ತದೆ. ಹೌದೆಂದರೆ ಬಾಗಿಲು ತೆರೆಯುತ್ತದೆ. ಸರಿಯಾಗಿ ಹೊಂದಿಸಿದ್ದರೆ ಪಾಸ್‌ವರ್ಡ್ ಅಲ್ಲಿಯವರ ಕಣ್ಣಿಗೆ ಬೀಳುವುದಿಲ್ಲ. ಬಂದಿಳಿದ ಮರುದಿನ ಬೆಳಿಗ್ಗೆ ವಿಲ್ಹೆಲ್ಮ್ ರಸ್ತೆಯ ಲೈಬ್ರರಿಯ ಎದುರು ನಿಂತಿದ್ದೆ. ಯಾರನ್ನೂ ಕೇಳದೆ ಫೋನು ತಾನಾಗಿ ನೆಟ್ಟಿಗೆ ಸೇರಿಕೊಂಡಿತು. ಪರವೂರಿನಲ್ಲಿ ನನ್ನನ್ನು ಬಲ್ಲವರು ಯಾರೋ ಸಿಕ್ಕಂತೆ ಆಯಿತು.

ಆದರೆ ಅದರ ಜೀವ ಇರುವುದು ಊರಿನ ಪಾಸ್‌ವರ್ಡಿನಲ್ಲಿ. ಮೂರನೆಯ ವಾರ ನನ್ನದರ ಅವಧಿ ಮುಗಿಯಿತು. ಬದಲಿಸುವ ಪುಟ ತೆರೆಯುವುದು ನಮ್ಮ ಕ್ಯಾಂಪಸ್ಸಿನ ಒಳಗೆ ಮಾತ್ರ. ವಿಭಾಗದ ಜೂನಿಯರ್ ಹುಡುಗನಿಗೆ ಫೋನು ಮಾಡಿ ಕಂಪ್ಯೂಟರ್ ಸೆಂಟರಿಗೆ ಓಡಿಸಿದೆ. ‘ಅಕ್ಕಾ, ನೀವೇ ಬಂದು ಅರ್ಜಿಗೆ ಸಹಿ ಹಾಕ್ಬೇಕಂತೆ’ ಅಂದ. ಗೈಡ್ ಪತ್ರ ಬರೆದು, ಪಾಸ್‌ಪೋರ್ಟಿನ ಪ್ರತಿ ಕಳಿಸಿ, ಸರಿಯಾಗುವ ಹೊತ್ತಿಗೆ ಒಂಬತ್ತು ದಿನ ಕಳೆಯಿತು. ಅಷ್ಟೂ ದಿನ ಮೇಲ್ ಕೂಡ ಇಲ್ಲ. ಈ ಸಿಟ್ಟು ನನಗೆ ಇನ್ನೂ ಇದೆ. ಸಂಶೋಧಕರನ್ನು ಹೊರದೇಶಕ್ಕೆ ಕಳಿಸುವ ವಿಶ್ವವಿದ್ಯಾಲಯ ಈ ಒಂದು ಪುಟವನ್ನಾದರೂ ಹೊರಗಿನಿಂದ ತೆರೆಯುವಂತೆ ಮಾಡಬೇಕು. ನೀವು ಹೊರಡುವ ವಾರ ಹೊಸ ಪಾಸ್‌ವರ್ಡ್ ಹಾಕಿಕೊಳ್ಳಿ. ಎಡುರೋಮ್ ಸೆಟ್ಟಿಂಗನ್ನೂ ಇಲ್ಲೇ ಮುಗಿಸಿ; ಪಕ್ಕದ ಇನ್ನೊಂದು ಕ್ಯಾಂಪಸ್ಸಿನಲ್ಲಿ ಅದು ಇದ್ದರೆ ಹೋಗಿ ಪರೀಕ್ಷಿಸಿ. ‘ಸರ್ಟಿಫಿಕೇಟ್ ಪರಿಶೀಲನೆ ಬೇಡ’ ಅನ್ನುವ ಆಯ್ಕೆಯನ್ನು ಮಾತ್ರ ಒತ್ತಬೇಡಿ. ಅದೇ ಹೆಸರಿಟ್ಟ ಸುಳ್ಳು ನೆಟ್‌ವರ್ಕಿಗೂ ಆಗ ಪಾಸ್‌ವರ್ಡ್ ಹೋಗಿಬಿಡಬಹುದು.

ಆ ಒಂಬತ್ತು ದಿನ ಕಾಪಾಡಿದ್ದು ಪ್ರಿಪೇಯ್ಡ್ ಸಿಮ್. ಜರ್ಮನಿಯಲ್ಲಿ 2017ರಿಂದ ಗುರುತಿನ ಪರಿಶೀಲನೆ ಇಲ್ಲದೆ ಅದು ಚಾಲೂ ಆಗುವುದಿಲ್ಲ, ಪಾಸ್‌ಪೋರ್ಟ್ ಕೈಯಲ್ಲಿರಲಿ. ಮಾತಿಗೆ, ಮ್ಯಾಪಿಗೆ ಚೆನ್ನ. ಸ್ಕ್ಯಾನ್ ಮಾಡಿದ ನಾನೂರು ಪುಟದ ಪುಸ್ತಕ ಇಳಿಸಿಕೊಳ್ಳಲು ಹೊರಟರೆ ಡೇಟಾ ಮಂಜಿನಂತೆ ಕರಗುತ್ತದೆ. ಭಾರತದ ಸಿಮ್ಮನ್ನೂ ಎಸೆಯಬೇಡಿ, ಒಟಿಪಿ ಬರುವುದು ಅದಕ್ಕೇ.

ಮೂರನೆಯದು ಅಲ್ಲಿಯದೇ ಲಾಗಿನ್. ದಾಖಲಾತಿ ಮುಗಿದು ನನಗೆ ಅದು ಕೈಸೇರಿದ್ದು ಎರಡನೆಯ ತಿಂಗಳ ಹೊತ್ತಿಗೆ. ಊರಿನ ಐಡಿಯಲ್ಲೂ ಅದೇ ಎಡುರೋಮ್, ಅಲ್ಲಿಯ ಐಡಿಯಲ್ಲೂ ಅದೇ ಎಡುರೋಮ್. ವೇಗದಲ್ಲಿ ಯಾವ ಫರಕೂ ಕಾಣಲಿಲ್ಲ. ಹಾಗಾದರೆ ಅದಕ್ಕಾಗಿ ಏಕೆ ಕಾಯಬೇಕು? ಲೈಬ್ರರಿಗಾಗಿ. ನನಗೆ ತಡವಾಗಿ ಅರ್ಥವಾದ ಸಂಗತಿ ಇದು: ಊರಿನ ಐಡಿಯಿಂದ ಇಂಟರ್‌ನೆಟ್ಟು ಬರುತ್ತದೆ, ಅಲ್ಲಿಯ ಲೈಬ್ರರಿಯ ಜರ್ನಲ್ಲುಗಳು ಬರುವುದಿಲ್ಲ. ಊರಿನ ಐಡಿಯಲ್ಲಿ ನೆಟ್ ಎಷ್ಟೇ ಸಲೀಸಾಗಿ ಓಡಿದರೂ ಲೇಖನದ ಪುಟ ತೆರೆದರೆ ಹಣ ಕೇಳುತ್ತಿತ್ತು. ಅಲ್ಲಿಯ ಲಾಗಿನ್ ಬಂದ ದಿನ ವಿಪಿಎನ್ (ಹೊರಗಿದ್ದರೂ ಕ್ಯಾಂಪಸ್ಸಿನ ನೆಟ್ಟಿನೊಳಗೆ ಇದ್ದಂತೆ ಮಾಡುವ ವ್ಯವಸ್ಥೆ) ಹಾಕಿ, ಹಾಸ್ಟೆಲ್ ಕೋಣೆಯಲ್ಲಿ ಹಾಸಿಗೆಯ ಮೇಲೆ ಕೂತು ಅದೇ ಲೇಖನ ಇಳಿಸಿಕೊಂಡೆ.

ಅಷ್ಟರವರೆಗೆ ಎರಡು ದಾರಿಯಲ್ಲಿ ಕೆಲಸ ನಡೆಸಿದೆ. ಒಂದು, ಊರಿನ ಇನ್‌ಫೆಡ್ ಲಾಗಿನ್, ಅಂದರೆ ಎಲ್ಲೇ ಇದ್ದರೂ ಊರಿನ ಐಡಿಯಿಂದ ನಮ್ಮ ವಿಶ್ವವಿದ್ಯಾಲಯಕ್ಕೆ ಸಿಗುವ ಜರ್ನಲ್ಲುಗಳನ್ನು ತೆರೆಯುವ ವ್ಯವಸ್ಥೆ. 2025ರ ಜನವರಿಯಿಂದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಯಲ್ಲಿ ಸರ್ಕಾರಿ ವಿಶ್ವವಿದ್ಯಾಲಯಗಳಿಗೆ 30 ಪ್ರಕಾಶಕರ ಸುಮಾರು 13,000 ಜರ್ನಲ್ಲುಗಳು ಸಿಗುತ್ತಿವೆ. ಹೊಸ ಲೇಖನಗಳಿಗೆ ಇದು ನಿಜಕ್ಕೂ ದೊಡ್ಡ ಆಸರೆ. ಟ್ಯೂಬಿಂಗನ್ನಿನ ಚಳಿಯಲ್ಲಿ ಕೂತು ನಮ್ಮ ದೇಶದ ಚಂದಾದಲ್ಲಿ ಓದುವಾಗ ಹೆಮ್ಮೆಯೂ ಆಯಿತು. ಆದರೆ ಜರ್ಮನ್ ಭಾಷೆಯ ಮಿಶನ್ ಇತಿಹಾಸದ ಪುಸ್ತಕಗಳು ಅದರಲ್ಲಿ ಎಲ್ಲಿಂದ ಬರಬೇಕು?

ಇನ್ನೊಂದು, ಹೊರಗಿನವರಿಗೆ ಕೊಡುವ ಲೈಬ್ರರಿ ಕಾರ್ಡು. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳ ಲೈಬ್ರರಿಗಳು ಸಾಮಾನ್ಯವಾಗಿ ವಿದ್ಯಾರ್ಥಿಗಳಿಗೆ ಮಾತ್ರ ಸೀಮಿತವಲ್ಲ, ಊರಿನ ಜನರಿಗೂ ತೆರೆದಿರುತ್ತವೆ. ಪಾಸ್‌ಪೋರ್ಟು ಮತ್ತು ಮನೆ ವಿಳಾಸ ನೋಂದಾಯಿಸಿದ ನಗರಾಡಳಿತ ಕಚೇರಿಯ ಕಾಗದ ಬೇಕು. ಬಾಡಿಗೆಗೆ ಹೋದ ಎರಡು ವಾರದೊಳಗೆ ಆ ನೋಂದಣಿ ಹೇಗೂ ಕಡ್ಡಾಯ. ಇದೊಂದು ಕಾಗದ ಬೇಗ ಕೈಸೇರಿದರೆ ಅರ್ಧ ಕೆಲಸ ಆದಂತೆ. ಕಾರ್ಡಿನಲ್ಲಿ ಪುಸ್ತಕ ಮನೆಗೆ ತರಬಹುದು, ಬೇರೆ ಊರಿನಿಂದ ತರಿಸಲು ಒಂದು ಅರ್ಜಿಗೆ ಒಂದೂವರೆ ಯೂರೋ. ಡಿಜಿಟಲ್ ಜರ್ನಲ್ಲು ಬೇಕಿದ್ದರೆ ಮಾತ್ರ ಲೈಬ್ರರಿಯ ಒಳಗಿನ ಕಂಪ್ಯೂಟರಿನ ಮುಂದೆಯೇ ಕೂರಬೇಕು.

ನನ್ನ ಮಟ್ಟಿಗೆ ಗೆದ್ದದ್ದು ಈ ಕಾರ್ಡು. ಹಳೆಯ ಮುದ್ರಣಗಳನ್ನು ಮನೆಗೆ ಕೊಡುವುದಿಲ್ಲ. ಅದಕ್ಕೆ ಬೇರೆಯೇ ಓದುಕೋಣೆ. ಕೋಟು, ಚೀಲ ಲಾಕರಿನಲ್ಲಿ, ಕೈಯಲ್ಲಿ ಪೆನ್ಸಿಲ್ ಮಾತ್ರ. ಫೋಮಿನ ದಿಂಬಿನ ಮೇಲೆ ಪುಸ್ತಕ ಇಟ್ಟುಕೊಟ್ಟರು. ಕೇರಳದಲ್ಲಿದ್ದ ಬಾಸೆಲ್ ಮಿಶನರಿ, ಮಲಯಾಳಂ ನಿಘಂಟುಕಾರ ಗುಂಡರ್ಟರ ಸಂಗ್ರಹದ ಬಹುಪಾಲು ಈಗ ಟ್ಯೂಬಿಂಗನ್ ಲೈಬ್ರರಿಯ ಗುಂಡರ್ಟ್ ಪೋರ್ಟಲ್‌ನಲ್ಲಿ ಯಾವ ಲಾಗಿನ್ನೂ ಇಲ್ಲದೆ ಸಿಗುತ್ತದೆ. ಕನ್ನಡ, ತುಳು ಪುಟಗಳೂ ಇವೆ. ಮಂಗಳೂರಿನಲ್ಲಿ ಕೂತೇ ಓದಬಹುದು, ಮೊದಲು ಅದನ್ನೇ ಓದಿ ಹೊರಡಿ. ಆದರೆ ಕಲ್ಲಚ್ಚಿನ ಅಕ್ಷರದ ‘ಳ’ಕಾರದ ಬಾಲ ಕಾಗದದಲ್ಲಿ ಎಷ್ಟು ಇಂಗಿದೆ, ಅಂಚಿನಲ್ಲಿ ಯಾರು ಯಾವ ಶಾಯಿಯಲ್ಲಿ ತಿದ್ದಿದ್ದಾರೆ ಅನ್ನುವುದಕ್ಕೆ ಪುಸ್ತಕವನ್ನೇ ಬೆಳಕಿಗೆ ಹಿಡಿಯಬೇಕು.

ಬಾಸೆಲ್‌ಗೆ ಹೋದಾಗ ಈ ಲೆಕ್ಕ ತಲೆಕೆಳಗಾಯಿತು. ಮಿಶನ್ ರಸ್ತೆಯ 21ನೇ ನಂಬರಿನ ಕಟ್ಟಡದಲ್ಲಿ ಮಿಶನ್ನಿನ ದಾಖಲೆಗಳಿವೆ. ಸ್ವಿಟ್ಜರ್ಲೆಂಡ್ ಯುರೋಪಿಯನ್ ಒಕ್ಕೂಟದಲ್ಲಿಲ್ಲ, ಒಕ್ಕೂಟದ ಉಚಿತ ರೋಮಿಂಗ್ ನಿಯಮ ಅಲ್ಲಿಗೆ ಅನ್ವಯಿಸುವುದಿಲ್ಲ. ಗಡಿ ದಾಟಿದ ಕೂಡಲೇ ನನ್ನ ಸಿಮ್ಮಿನಲ್ಲಿ ಡೇಟಾ ನಿಂತಿತು. ಟ್ಯೂಬಿಂಗನ್ನಿನ ಕಾರ್ಡಿಗೂ ಅಲ್ಲಿ ಬೆಲೆಯಿಲ್ಲ. ದಾಖಲೆಗಳಲ್ಲಿ ಸಿಕ್ಕ ಒಂದು ತುಳು ಪದದ ಅರ್ಥ ಕೂಡಲೇ ಬೇಕಿತ್ತು. ಸ್ಪಾಲೆನ್ ಎಂಬ ಹಳೆಯ ಕೋಟೆಬಾಗಿಲಿನ ಬಳಿ ಇರುವ ವಿಶ್ವವಿದ್ಯಾಲಯದ ಲೈಬ್ರರಿಯವರೆಗೆ ನಡೆದೆ. ಒಳಗೆ ಕಾಲಿಟ್ಟದ್ದೇ ಊರಿನ ಐಡಿಯಲ್ಲಿ ಎಡುರೋಮ್ ಹತ್ತಿಕೊಂಡಿತು. ಆ ಜೂನಿಯರ್ ಹುಡುಗ ಬಂಟ್ವಾಳದವನು. ಪದದ ಫೋಟೋ ಕಳಿಸಿದೆ, ಅವನು ಅಜ್ಜಿಯನ್ನು ಕೇಳಿ ಐದು ನಿಮಿಷದಲ್ಲಿ ಉತ್ತರ ಬರೆದ.