ಬರ್ಕ್‌ಲಿಯ ‘ಡೇಟಾ 8’: ಪಾಠ ಪುಕ್ಕಟೆ, ಸರ್ವರ್ ಮಾತ್ರ ನೀವೇ ನೋಡಿಕೊಳ್ಳಬೇಕು

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್‌ಲಿ ಕ್ಯಾಂಪಸ್ 2015ರಲ್ಲಿ ಶುರು ಮಾಡಿದ ಡೇಟಾ ಸೈನ್ಸ್ ಕೋರ್ಸು ‘ಡೇಟಾ 8’. ಪಠ್ಯಪುಸ್ತಕ, ಲ್ಯಾಬ್, ಹೋಂವರ್ಕ್, ಪ್ರಾಜೆಕ್ಟ್ ಎಲ್ಲ ನೆಟ್‌ನಲ್ಲೇ ಸಿಗುತ್ತವೆ, ದುಡ್ಡು ಕೊಡಬೇಕಿಲ್ಲ. ಕೋಡಿಂಗ್ ಗಂಧವೇ ಇಲ್ಲದ, ಹೈಸ್ಕೂಲಿನ ಬೀಜಗಣಿತವಷ್ಟೇ ಗೊತ್ತಿರುವವರಿಗೆಂದು ಕಟ್ಟಿದ ಕೋರ್ಸಾದ್ದರಿಂದ ಅಲ್ಲಿನ ಎರಡು ವರ್ಷದ ಕಮ್ಯುನಿಟಿ ಕಾಲೇಜುಗಳೂ ಇದನ್ನು ಎತ್ತಿಕೊಂಡಿವೆ. ನಮ್ಮ ಬಿಎ, ಬಿಕಾಂ, ಬಿಎಸ್ಸಿ ತರಗತಿಗೂ ಪಾಠ ಚೆನ್ನಾಗಿ ಒಗ್ಗುತ್ತದೆ. ತೊಡಕಿರುವುದು ಬೇರೆ ಕಡೆ.

ಮೊದಲು ಒಳ್ಳೆಯದು. ಸೂತ್ರ ಹೇಳಿ ಆಮೇಲೆ ಲೆಕ್ಕ ಮಾಡಿಸುವ ಕ್ರಮವನ್ನು ಇಲ್ಲಿ ತಿರುಗಿಸಿದ್ದಾರೆ. 1965ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಸ್ವೇನ್ ಮತ್ತು ಅಲಬಾಮಾ ರಾಜ್ಯದ ಪ್ರಕರಣ ನೋಡಿ. ಜ್ಯೂರಿ ಆಯ್ಕೆಯಲ್ಲಿ ಕಪ್ಪು ಜನರಿಗೆ ತಾರತಮ್ಯವಾಯಿತೇ ಎಂಬುದು ಪ್ರಶ್ನೆ. ಆ ಕೌಂಟಿಯಲ್ಲಿ (ಅಲ್ಲಿನ ಜಿಲ್ಲೆ) ಜ್ಯೂರಿಗೆ ಅರ್ಹರಾದ ಗಂಡಸರಲ್ಲಿ ಶೇ 26ರಷ್ಟು ಕಪ್ಪು ಜನ. 100 ಮಂದಿಯ ಪಟ್ಟಿಯಲ್ಲಿ ಇದ್ದವರು 8. ವ್ಯತ್ಯಾಸ ಸಣ್ಣದು ಎಂದಿತು ಕೋರ್ಟು. ವಿದ್ಯಾರ್ಥಿಗಳು ಇದೇ ಶೇ 26ರ ಪ್ರಮಾಣದಲ್ಲಿ ನೂರು ಮಂದಿಯ ಪಟ್ಟಿಯನ್ನು ಕಂಪ್ಯೂಟರಿನಿಂದ ಚೀಟಿ ಎತ್ತಿಸಿದಂತೆ 10,000 ಸಲ ಮಾಡಿಸುತ್ತಾರೆ. ಹಿಸ್ಟೋಗ್ರಾಂ (ಯಾವ ಸಂಖ್ಯೆ ಎಷ್ಟು ಸಲ ಬಂತೆಂದು ತೋರಿಸುವ ಕಂಬಚಿತ್ರ) 26ರ ಸುತ್ತ ಗುಡ್ಡೆಯಾಗಿ ನಿಲ್ಲುತ್ತದೆ, 8 ಎಲ್ಲೋ ಆಚೆ ಬೀಳುತ್ತದೆ. ಪಿ-ವ್ಯಾಲ್ಯೂ (ಬರೀ ಆಕಸ್ಮಿಕವಾಗಿ ಇಷ್ಟು ಅಥವಾ ಇನ್ನೂ ಹೆಚ್ಚು ವ್ಯತ್ಯಾಸ ಬರುವ ಸಂಭವ) ಎಂಬ ಮಾತು ಬರುವುದು ಇದಾದ ಮೇಲೆ. ಸಂಖ್ಯಾಶಾಸ್ತ್ರವೆಂದರೆ ಹೆದರುವ ಬಿಎ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ದಾರಿ ಕಂಡಿಲ್ಲ.

ಟೇಬಲ್ ಕೆಲಸಕ್ಕೆ ಎಲ್ಲರೂ ಬಳಸುವ ಪಾಂಡಾಸ್ ಲೈಬ್ರರಿಯ ಬದಲು ‘ಡೇಟಾಸೈನ್ಸ್’ ಎಂಬ ತಮ್ಮದೇ ಪೈಥಾನ್ ಲೈಬ್ರರಿ ಕೊಟ್ಟಿದ್ದಾರೆ. ವೇರ್, ಗ್ರೂಪ್, ಜಾಯಿನ್ ಎಂಬ ನಾಲ್ಕಾರು ಆಜ್ಞೆಗಳಲ್ಲಿ ಕೆಲಸ ಮುಗಿಯುತ್ತದೆ. ಹೊಸಬರಿಗೆ ಹಿತ. ಆದರೆ ಈ ಲೈಬ್ರರಿಗೆ ಕೋರ್ಸಿನ ಹೊರಗೆ ಹೆಚ್ಚು ಬಳಕೆಯಿಲ್ಲ, ಇಂಟರ್‌ವ್ಯೂನಲ್ಲಿ ಕೇಳುವುದು ಪಾಂಡಾಸನ್ನೇ. ಬರ್ಕ್‌ಲಿಯ ಮುಂದಿನ ಕೋರ್ಸು ಡೇಟಾ 100ರಲ್ಲಿ ಅದು ಬರುತ್ತದೆ. ನಿಮ್ಮಲ್ಲಿ ಮುಂದಿನ ಕೋರ್ಸು ಇಲ್ಲದಿದ್ದರೆ ಕೊನೆಯ ಎರಡು ವಾರ ಅದಕ್ಕೆ ತೆಗೆದಿಡಿ.

ಇನ್ನು ಸರ್ವರ್. ಕ್ಯಾಲಿಫೋರ್ನಿಯಾದ ಸಣ್ಣ ಕಾಲೇಜುಗಳಿಗೆ ಹಂಚಿಕೆಯ ಜ್ಯುಪಿಟರ್‌ಹಬ್ (ಮಕ್ಕಳು ಬ್ರೌಸರಿನಲ್ಲೇ ಕೋಡ್ ಬರೆದು ಓಡಿಸುವ ಸರ್ವರ್) ಸಿಗುತ್ತದೆ, ನಾವು ಹಾಕಿಕೊಳ್ಳಬೇಕು. ‘ದಿ ಲಿಟಲೆಸ್ಟ್ ಜ್ಯುಪಿಟರ್‌ಹಬ್’ ಎಂಬ ಅದರ ಸಣ್ಣ ರೂಪ ಸಾಕು, ಉಬುಂಟು ಲಿನಕ್ಸ್ ಇರುವ ಒಂದೇ ಯಂತ್ರದಲ್ಲಿ ನೂರರ ಆಸುಪಾಸು ಬಳಕೆದಾರರವರೆಗೆ ನಡೆಯುತ್ತದೆ. ರ‍್ಯಾಮ್ ಲೆಕ್ಕ ಸುಲಭ: ಒಮ್ಮೆಗೆ ಕೂರುವವರ ಸಂಖ್ಯೆಯನ್ನು ತಲಾ ಮೆಮೊರಿ ಮಿತಿಯಿಂದ ಗುಣಿಸಿ, 128 ಎಂಬಿ ಸೇರಿಸಿ. 40 ಮಂದಿಗೆ ತಲಾ 512 ಎಂಬಿ ಎಂದರೆ 20 ಜಿಬಿ ದಾಟುತ್ತದೆ, 32 ಜಿಬಿ ಇರುವ ಡೆಸ್ಕ್‌ಟಾಪ್ ಹಿಡಿಯಿರಿ. ತಲಾ ಮಿತಿಯನ್ನು ಕಾನ್ಫಿಗ್‌ನಲ್ಲಿ ಹಾಕಲೇಬೇಕು. ಇಲ್ಲವಾದರೆ ಒಬ್ಬರ ಲೂಪ್ ತಪ್ಪಿದರೆ ಇಡೀ ಲ್ಯಾಬ್ ನಿಲ್ಲುತ್ತದೆ. ಮಕ್ಕಳ ಕಡೆ ಬ್ರೌಸರ್ ಇದ್ದರಾಯಿತು, ಹಳೆಯ ಲ್ಯಾಬ್ ಪಿಸಿಗಳೂ ಸಾಲುತ್ತವೆ.

ಎಡವುವ ಜಾಗ ಎರಡು. ಪ್ಯಾಕೇಜ್ (ಹೆಚ್ಚುವರಿ ಲೈಬ್ರರಿ) ಹಾಕುವಾಗ ಆಜ್ಞೆಯ ಮುಂದೆ ‘ಸುಡೋ -ಇ’ (sudo -E) ಬಿಟ್ಟರೆ ಅದು ಅಡ್ಮಿನ್ ಖಾತೆಗಷ್ಟೇ ಸೇರುತ್ತದೆ. ನಿಮ್ಮ ಪರದೆಯಲ್ಲಿ ಓಡಿದ್ದು ತರಗತಿಯಲ್ಲಿ ‘ಮಾಡ್ಯೂಲ್ ಇಲ್ಲ’ ಎನ್ನುತ್ತದೆ. ಎರಡನೆಯದು ಲಾಗಿನ್. ಮೊದಲ ಸಲ ಹೊಡೆದ ಪಾಸ್‌ವರ್ಡೇ ಆ ಹೆಸರಿಗೆ ಖಾಯಂ. ಹೆಸರಿನ ಜಾಗದಲ್ಲಿ ಪಕ್ಕದವರ ರಿಜಿಸ್ಟರ್ ನಂಬರ್ ತಪ್ಪಿ ಹೊಡೆದರೆ ಅವರು ಹೊರಗೆ. ಅಡ್ಮಿನ್ ಪುಟದಲ್ಲಿ ಆ ಹೆಸರನ್ನು ಅಳಿಸಿ ಮತ್ತೆ ಸೇರಿಸಿ, ಫೈಲುಗಳು ಹಾಗೇ ಇರುತ್ತವೆ.

ಸರ್ವರ್ ಗೊಡವೆಯೇ ಬೇಡವೆಂದರೆ ಗೂಗಲ್‌ನದೇ ಯಂತ್ರದಲ್ಲಿ ಪೈಥಾನ್ ಓಡಿಸುವ ಗೂಗಲ್ ಕೋಲ್ಯಾಬ್ ಇದೆ. ಅಲ್ಲಿ ಅಪ್‌ಲೋಡ್ ಮಾಡಿದ ಸಿಎಸ್‌ವಿ (ಡೇಟಾ ಫೈಲು) ಸೆಷನ್ ಮುಗಿದೊಡನೆ ಮಾಯ, ಡ್ರೈವ್‌ನಲ್ಲಿ ಇಡುವುದನ್ನು ಮೊದಲ ದಿನವೇ ಕಲಿಸಿ.

ಲ್ಯಾಬ್ ಫೈಲು ಹಂಚಲು ‘ಎನ್‌ಬಿಗಿಟ್‌ಪುಲ್ಲರ್’ ಕೊಂಡಿ ನಿಜಕ್ಕೂ ಉಪಕಾರಿ. ಒತ್ತಿದರೆ ನೋಟ್‌ಬುಕ್ (ಕೋಡ್, ವಿವರಣೆ ಎರಡೂ ಇರುವ ಫೈಲು) ಅವರವರ ಖಾತೆಗೆ ಇಳಿಯುತ್ತದೆ, ನೀವು ತಿದ್ದಿ ಮತ್ತೆ ಕಳಿಸಿದರೂ ಅವರು ಬರೆದದ್ದು ಅಳಿಯುವುದಿಲ್ಲ. ಮೌಲ್ಯಮಾಪನಕ್ಕೆ ಉತ್ತರವನ್ನು ತಾನೇ ಪರೀಕ್ಷಿಸುವ ‘ಆಟರ್-ಗ್ರೇಡರ್’: ಮಕ್ಕಳಿಗೆ ಕಾಣುವ ಪರೀಕ್ಷೆ ಕೆಲವು, ಕಾಣದವು ಕೆಲವು. ಬರ್ಕ್‌ಲಿಯ ಹೋಂವರ್ಕಿಗೆ ಉತ್ತರಗಳು ನೆಟ್‌ನಲ್ಲಿ ಓಡಾಡುತ್ತಿವೆ, ಡೇಟಾ ಬದಲಿಸದೆ ಅಂಕ ಕೊಡಬೇಡಿ.

ಬದಲಿಸಲು ಇನ್ನೊಂದು ಕಾರಣವೂ ಇದೆ: ಬಾಸ್ಕೆಟ್‌ಬಾಲ್ ಆಟಗಾರರ ಸಂಬಳದ ಪಟ್ಟಿ ನಮ್ಮ ಮಕ್ಕಳಿಗೆ ಏನೂ ಹೇಳುವುದಿಲ್ಲ. ಸರ್ಕಾರದ ಕೃಷಿ ಮಾರಾಟ ವಾಹಿನಿ ಜಾಲತಾಣದ ಎಪಿಎಂಸಿ ಧಾರಣೆ ಹಾಕಿ. ಬೆಲೆ ಕಾಲಂನಲ್ಲಿ ಅಲ್ಪವಿರಾಮವೋ ಅಡ್ಡಗೀಟೋ ಇದ್ದರೆ ಪೈಥಾನ್ ಅದನ್ನು ಅಕ್ಷರವೆಂದು ಓದುತ್ತದೆ, ಸರಾಸರಿ ಕೇಳಿದರೆ ಎರರ್. ಮೊದಲು ಶುಚಿ ಮಾಡಿಸಿ, ಅದೂ ಪಾಠವೇ. ವಿವರಣೆಯನ್ನು ಕನ್ನಡದಲ್ಲಿ ಬರೆದರೆ ನೋಟ್‌ಬುಕ್ ಸರಿಯಾಗಿಯೇ ತೋರಿಸುತ್ತದೆ. ಗ್ರಾಫಿನ ಒಳಗೆ ಮಾತ್ರ ಕನ್ನಡ ಬೇಡ: ಗ್ರಾಫ್ ಬಿಡಿಸುವ ಮ್ಯಾಟ್‌ಪ್ಲಾಟ್‌ಲಿಬ್ ಲೈಬ್ರರಿಯಲ್ಲಿ ಖಾಲಿ ಚೌಕ ಬರುತ್ತದೆ, ಕನ್ನಡ ಫಾಂಟ್ ಕೊಟ್ಟರೂ ಒತ್ತಕ್ಷರ ಒಡೆಯುವುದುಂಟು.

ವೇಳಾಪಟ್ಟಿ ವಿಷಯ. ಇದು ಅಲ್ಲಿ ಒಂದು ಪೂರ್ಣ ಸೆಮಿಸ್ಟರಿನ, 4 ಯೂನಿಟ್‌ಗಳ (ಕ್ರೆಡಿಟ್) ಕೋರ್ಸು, 3 ಪ್ರಾಜೆಕ್ಟ್ ಬೇರೆ. ವಾರಕ್ಕೊಂದು ಪ್ರಾಕ್ಟಿಕಲ್ ಇರುವ ಕಾಲೇಜಿನಲ್ಲಿ ಅಷ್ಟನ್ನೂ ತುರುಕಬೇಡಿ. ಎಡೆಕ್ಸ್ ಎಂಬ ಆನ್‌ಲೈನ್ ಕೋರ್ಸು ತಾಣಕ್ಕೆ ಕೊಟ್ಟಾಗ ಅವರೇ ಮೂರು ಭಾಗ ಮಾಡಿದ್ದರು. ಬೂಟ್‌ಸ್ಟ್ರ್ಯಾಪ್‌ವರೆಗೆ (ಇರುವ ಮಾದರಿಯಿಂದಲೇ ಮತ್ತೆ ಮತ್ತೆ ಎತ್ತಿ ಅಂದಾಜು ಮಾಡುವುದು) ಒಂದು ಸೆಮಿಸ್ಟರ್, ರಿಗ್ರೆಷನ್ (ಸಂಖ್ಯೆ ಊಹಿಸುವುದು) ಮತ್ತು ಕ್ಲಾಸಿಫಿಕೇಶನ್ (ಗುಂಪು ಊಹಿಸುವುದು) ಮುಂದಿನದಕ್ಕೆ. ಹಾಗೆ ಒಡೆದರೆ ಪ್ರಾಜೆಕ್ಟ್‌ಗಳಿಗೂ ಉಸಿರಾಡಲು ಜಾಗ ಸಿಗುತ್ತದೆ.