ಊಟಕ್ಕೆ ಹೆದರೋ ಕಾಯಿಲೆಗೆ (ಈಟಿಂಗ್ ಡಿಸಾರ್ಡರ್) ಮಗಳನ್ನ ತೋರಿಸಿದ ಕ್ಲಿನಿಕ್ಕು, ನಾಲ್ಕು ಸ್ಟಾರ್

ದಾವಣಗೆರೆಲಿ ಹುಟ್ಟಿ ಬೆಣ್ಣೆ ದೋಸೆ ಕಂಡ್ರೆ ಹೆದರೋ ಹುಡುಗೀನ ನೋಡಿದೀರಾ? ನಮ್ಮನೇಲೇ ಇದ್ಲು. ದೋಸೆನ ಪೇಪರ್ ಮೇಲೆ ಒತ್ತಿ ಒತ್ತಿ ಬೆಣ್ಣೆ ತೆಗೆದು ಅಂಗೈಯಷ್ಟು ತಿಂದು, ಬಾತ್‌ರೂಮಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಕೊಳ್ಳೋಳು, ನಾವು ಗ್ಯಾಸ್ಟ್ರಿಕ್ಕು ಅಂದ್ಕೊಂಡು ಜೀರಿಗೆ ಕಷಾಯ ಕುಡಿಸಿದ್ವಿ, ಅತ್ತೆ ದೃಷ್ಟಿನೂ ತೆಗೆದ್ರು. ಮುಟ್ಟು ನಿಂತು ಮೂರು ತಿಂಗಳಾದ್ಮೇಲೆ 14416ಕ್ಕೆ ಫೋನ್ ಮಾಡ್ದೆ, ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಫ್ರೀ, ಕನ್ನಡದಲ್ಲೇ ಮಾತಾಡ್ತಾರೆ, ಸೈಕಿಯಾಟ್ರಿಸ್ಟ್‌ಗೆ ತೋರಿಸ್ರಿ ಅಂದ್ರು.

ಇಲ್ಲಿನ ಡಾಕ್ಟ್ರು ಬೈಲಿಲ್ಲ, ಅದೇ ದೊಡ್ಡದು. ಮೊದ್ಲು ಇಸಿಜಿ, ಆಮೇಲೆ ಪೊಟ್ಯಾಸಿಯಂ ಟೆಸ್ಟು, ವಾಂತಿ ಮಾಡಿ ಮಾಡಿ ಅದು ಇಳಿದ್ರೆ ಹಾರ್ಟ್ ಬಡಿತನೇ ಏರುಪೇರಾಗುತ್ತಂತೆ. ತೂಕ ನೋಡುವಾಗ ಅವಳನ್ನ ಹಿಂದುಮುಂದಾಗಿ ನಿಲ್ಸಿದ್ರು, ನಂಬರ್ ಹೇಳ್ಲೇ ಇಲ್ಲ. ಮಿಕ್ಕಿದ್ದೆಲ್ಲ ನಮ್ಗೇ ಪಾಠ: ಸದ್ಯಕ್ಕೆ ತಟ್ಟೆಗೆ ಎಷ್ಟು ಹಾಕ್ಬೇಕು ಅನ್ನೋದು ಅಪ್ಪ ಅಮ್ಮನ ಕೈಲಿ, ಮೂರೊತ್ತು ಊಟ ನಡುವೆ ತಿಂಡಿ, ಜೊತೆಗೇ ಕೂರ್ಬೇಕು, ಉಂಡ್ಮೇಲೆ ಒಂದು ಗಂಟೆ ಬಾತ್‌ರೂಮ್ ಇಲ್ಲ, ದಪ್ಪ ಸಣ್ಣ ಅನ್ನೋ ಮಾತೇ ಎತ್ತಂಗಿಲ್ಲ (ಅತ್ತೆಗೆ ಇದೇ ಕಷ್ಟ ಆಗಿದ್ದು). ಈ ಪದ್ಧತಿ ಬೆಳೆದಿದ್ದು ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೇಲಿ, ನಮ್ಮ ರೊಟ್ಟಿ ಮುದ್ದೆಗೂ ಸರಿಹೋಯ್ತು.

ಒಂದು ಸ್ಟಾರ್ ಕಟ್ ಮಾಡಿದ್ದಕ್ಕೆ ಕಾರಣ ಐತೆ. ಅಪಾಯಿಂಟ್‌ಮೆಂಟ್ ಇದ್ರೂ ಎರಡು ಗಂಟೆ ಕಾಯಿಸ್ತಾರೆ, ಅದೂ ಸಾಲ್ದು ಅಂತ ಅಲ್ಲಿರೋ ಟಿವೀಲಿ ಸಣ್ಣ ಆಗೋ ಪೌಡರ್ ಜಾಹೀರಾತು, ರಿಸೆಪ್ಷನ್ ಅಕ್ಕಂಗೆ ಹೇಳಿದ್ರೆ ರಿಮೋಟ್ ಕಳೆದೋಗಿದೆ ಅಂದ್ರು!

ಎಂಟು ತಿಂಗಳಾಯ್ತು, ಇನ್ನೂ ಹೋಗ್ತಾ ಇದೀವಿ. ಮೊನ್ನೆ ಖಾಲಿ ದೋಸೆ ಅರ್ಧ ತಿಂದ್ಲು, ಪೇಪರ್ ಕೇಳ್ಲಿಲ್ಲ.